ಲೆಗೊ ಅಳತೆಯ ಗೊಂಬೆಗಳಿಗೆ ಡೆಕಾಲ್: ಕಪ್ಪು ಮೈ ಮೇಲೆ ಬಿಳಿ ಕಾಣುತ್ತಿಲ್ಲ, ಅಂಚಿನಲ್ಲಿ ಇಂಕು ಬಿಡುತ್ತಿದೆ

ಗೊಂಬೆಮನೆ

ದಸರಾ ಗೊಂಬೆಯ ಮೆಟ್ಟಿಲ ಪಕ್ಕ ಪುಟ್ಟ ಉದ್ಯಾನ ಮಾಡುವ ಜಾಗದಲ್ಲಿ ಈ ಸಲ ತಾಲ್ಲೂಕು ಬಸ್ ಸ್ಟ್ಯಾಂಡ್ ಕೂರಿಸಬೇಕು. ಒಟ್ಟು 14 ಲೆಗೊ ಗೊಂಬೆ: ಕಂಡಕ್ಟರ್, ಡ್ರೈವರ್, ಕರಿ ಕೋಟಿನ ವಕೀಲ, ಇಬ್ಬರು ಪೊಲೀಸರು, ಹೂವಿನವಳು, ಮಿಕ್ಕವರು ಪ್ರಯಾಣಿಕರು. ಅಂಗಿ, ಸೀರೆ, ಮುಖ ಎಲ್ಲಕ್ಕೂ ಡೆಕಾಲ್ (ನೀರಲ್ಲಿ ನೆನೆಸಿ ಜಾರಿಸಿ ಅಂಟಿಸುವ ತೆಳು ಫಿಲ್ಮಿನ ಚಿತ್ರ) ನಾನೇ ಬಿಡಿಸಿ ಪ್ರಿಂಟ್ ಮಾಡುತ್ತಿದ್ದೇನೆ.

ಪ್ರಿಂಟರ್ ಇಂಕ್ ಟ್ಯಾಂಕ್ ಮಾದರಿಯದು. ಕಾಗದ ಇಂಕ್‌ಜೆಟ್ ವಾಟರ್‌ಸ್ಲೈಡ್, ಪಾರದರ್ಶಕ, ಎ4. ಪ್ರಿಂಟ್ ಆದ ತಕ್ಷಣ ಅಕ್ರಿಲಿಕ್ ಕ್ಲಿಯರ್ ಸ್ಪ್ರೇ ಒಂದು ದಪ್ಪ ಕೋಟ್ ಹೊಡೆದು, ಅರ್ಧ ಗಂಟೆ ಬಿಟ್ಟು ಕತ್ತರಿಸಿ ನೀರಿಗೆ ಹಾಕುತ್ತೇನೆ. ವರ್ನಿಯರ್ ಹಿಡಿದು ಅಳೆದಾಗ ಎದೆಯ ಎತ್ತರ 12.5 ಮಿ.ಮೀ., ಕೆಳಗಿನ ಅಗಲ 15.5 ಮಿ.ಮೀ. ಬಂತು.

ತೊಂದರೆಗಳು ಇಷ್ಟು. ವಕೀಲನ ಕಪ್ಪು ಮೈ ಮೇಲೆ ಬಿಳಿ ಕಾಲರ್, ಬಿಳಿ ಬ್ಯಾಂಡ್ ಎರಡೂ ಮಾಯ. ಕಂಡಕ್ಟರನಿಗೆ ಕಂದು ಮೈ ತೆಗೆದುಕೊಂಡಿದ್ದೆ, ಅದರ ಮೇಲೆ ಖಾಕಿ ಬಣ್ಣ ಕೆಸರಿನಂತೆ ಕಾಣುತ್ತದೆ. ನೀರಿಗೆ ಹಾಕಿದೊಡನೆ ಕತ್ತರಿಸಿದ ಅಂಚಿನಿಂದ ಕೆಂಪು ಇಂಕು ಬಿಡುತ್ತದೆ. ಮುಖದ ಡೆಕಾಲ್ ತಲೆಯ ಮೇಲಂಚಿನಲ್ಲಿ ಸುಕ್ಕಾಗಿ, ಒಣಗಿದ ಮೇಲೆ ಸೀಳುತ್ತದೆ. ಬ್ಯಾಡ್ಜಿನ ಮೇಲೆ ಬರೆದ ‘ನಿರ್ವಾಹಕ’ ಬರೀ ಕಪ್ಪು ಉಂಡೆ. ಪ್ರಿಂಟರನ್ನೇ ಬದಲಾಯಿಸಬೇಕೇ?

ಕರಿಶಾಯಿ

ಪ್ರಿಂಟರ್ ಬದಲಾಯಿಸುವುದು ಬೇಡ. ಮೊದಲ ಎರಡು ತೊಂದರೆಗೂ ಮೂಲ ಒಂದೇ: ಅದರಲ್ಲಿ ಬಿಳಿ ಇಂಕು ಇಲ್ಲ. ಚಿತ್ರದಲ್ಲಿ ಬಿಳಿ ಕಂಡಲ್ಲಿ ಅದು ಏನನ್ನೂ ಹಾಕದೆ ಮುಂದೆ ಹೋಗುತ್ತದೆ. ಬಿಳಿ ಹಾಳೆಯಾದರೆ ಹಾಳೆಯೇ ಬಿಳಿಯಾಗಿ ಕಾಣುತ್ತದೆ, ಪಾರದರ್ಶಕ ಫಿಲ್ಮ್ ಆದರೆ ಹಿಂದಿನ ಕಪ್ಪು ಮೈ ಕಾಣುತ್ತದೆ. ಮಿಕ್ಕ ಬಣ್ಣಗಳೂ ಬಣ್ಣದ ಗಾಜಿನ ಹಾಗೆ ತೆಳು, ಕೆಳಗಿನ ಬಣ್ಣವನ್ನು ಇನ್ನಷ್ಟು ಕಪ್ಪಾಗಿಸುತ್ತವೆಯೇ ಹೊರತು ತಿಳಿಯಾಗಿಸುವುದಿಲ್ಲ. ಕಂದಿನ ಮೇಲೆ ಖಾಕಿ ಕೆಸರಾಗುವುದು ಇದಕ್ಕೇ.

ಆದ್ದರಿಂದ ಗೊಂಬೆಯ ಮೈಬಣ್ಣ ಆರಿಸುವುದೇ ವಿನ್ಯಾಸದ ಮೊದಲ ಕೆಲಸ. ಬಟ್ಟೆಯಲ್ಲಿ ಯಾವುದು ಅತಿ ತಿಳಿಬಣ್ಣವೋ ಆ ಬಣ್ಣದ ಮೈ ತನ್ನಿ. ಕಂಡಕ್ಟರನಿಗೆ ಟ್ಯಾನ್, ಅಂದರೆ ತಿಳಿಗಂದು ಬಣ್ಣದ ಮೈ ತಂದರೆ ಖಾಕಿ ಅಲ್ಲೇ ಇದೆ, ತೋಳೂ ಅದೇ ಬಣ್ಣ. ಜೇಬಿನ ಗೆರೆ, ಗುಂಡಿ, ಚೀಲದ ಪಟ್ಟಿ ಇಷ್ಟನ್ನು ಕಡುಗಂದಿನಲ್ಲಿ ಪಾರದರ್ಶಕ ಫಿಲ್ಮಿನ ಮೇಲೆ ಹಾಕಿದರೆ ಮುಗಿಯಿತು. ಖಾಕಿಯನ್ನು ಪ್ರಿಂಟ್ ಮಾಡುವ ಗೋಜೇ ಇಲ್ಲ, ತೋಳಿನ ಬಣ್ಣಕ್ಕೆ ಹೊಂದಿಸುವ ತಲೆನೋವೂ ಇಲ್ಲ.

ವಕೀಲನಿಗೆ ಈ ಉಪಾಯ ನಡೆಯದು. ಬಿಳಿ ಮೈ ತಂದರೆ ತೋಳೂ ಬಿಳಿ. ತೋಳು ಎಳೆದು ಕಪ್ಪು ತೋಳು ಹಾಕಬಹುದು ಎನ್ನುವವರಿದ್ದಾರೆ, ಆದರೆ ಎರಡು ಮೂರು ಸಲ ಎಳೆದರೆ ತೋಳಿನ ತೂತಿನ ಅಂಚಿನಿಂದ ಮೈ ಸೀಳುತ್ತದೆ. ಅದರ ಬದಲು ಬಿಳಿ ಡೆಕಾಲ್ ಕಾಗದದ ಒಂದು ಹಾಳೆ ತನ್ನಿ. ಇದರಲ್ಲಿ ಫಿಲ್ಮೇ ಬಿಳಿ. ಇಡೀ ಕೋಟನ್ನು ಪ್ರಿಂಟ್ ಮಾಡಬೇಡಿ, ಇಂಕ್‌ಜೆಟ್ಟಿನ ಕಪ್ಪು ಪ್ಲಾಸ್ಟಿಕ್ಕಿನ ಕಪ್ಪಿನ ಪಕ್ಕ ಬೂದು ಹೊಡೆಯುತ್ತದೆ. ಕುತ್ತಿಗೆಯಿಂದ ಇಳಿಯುವ ಕಾಲರ್, ಬ್ಯಾಂಡ್ ಸೇರಿದ ‘ವಿ’ ಆಕಾರವನ್ನಷ್ಟೇ ಹಾಕಿ, ಸುತ್ತ 0.5 ಮಿ.ಮೀ. ಕಪ್ಪು ಗೆರೆ ಎಳೆದು, ಬ್ಲೇಡನ್ನು ಆ ಗೆರೆಯ ನಡುವೆ ಹಾಯಿಸಿ. ಕೈ ಸ್ವಲ್ಪ ಅಲುಗಿದರೂ ಬಿಳಿ ಅಂಚು ಉಳಿಯುವುದಿಲ್ಲ. ಫಿಲ್ಮಿನ ದಪ್ಪದಲ್ಲಿ ಬಿಳಿ ಎಳೆ ಕಂಡರೆ ತುದಿ ಸಣ್ಣಗಿರುವ ಕಪ್ಪು ಪರ್ಮನೆಂಟ್ ಮಾರ್ಕರನ್ನು ಅಂಚಿಗೆ ಸವರಿ.

ತೆಳು ಬಿಳಿ ಫಿಲ್ಮು ಕಪ್ಪಿನ ಮೇಲೆ ಕೆಲವೊಮ್ಮೆ ನೀಲಿ ಬೂದಾಗಿ ಕಾಣುತ್ತದೆ. ಆಗ ಏನೂ ಪ್ರಿಂಟ್ ಮಾಡದ ಬಿಳಿ ಫಿಲ್ಮನ್ನು ಸುತ್ತಲೂ 0.3 ಮಿ.ಮೀ. ಚಿಕ್ಕದಾಗಿ ಕತ್ತರಿಸಿ ಮೊದಲು ಅಂಟಿಸಿ, ಒಂದು ರಾತ್ರಿ ಒಣಗಿಸಿ, ಅದರ ಮೇಲೆ ಚಿತ್ರವಿರುವುದನ್ನು ಕೂರಿಸಿ. ಕಣ್ಣಿನ ಕಪ್ಪಿನಲ್ಲಿರುವ ಬಿಳಿ ಚುಕ್ಕೆಯಂಥದ್ದಕ್ಕೆ ಇಷ್ಟೆಲ್ಲ ಬೇಡ, ಟೂತ್‌ಪಿಕ್ಕಿನ ತುದಿಯಲ್ಲಿ ಬಿಳಿ ಅಕ್ರಿಲಿಕ್ ಬಣ್ಣ ಮುಟ್ಟಿಸಿದರೆ ಸಾಕು.

ಬಿಳಿ ಪ್ರಿಂಟ್ ಮಾಡುವ ಯಂತ್ರಗಳು ಇಲ್ಲದೆ ಇಲ್ಲ. ಆಲ್ಪ್ಸ್ ಕಂಪನಿಯ ಎಂಡಿ ಸರಣಿ ರಿಬ್ಬನ್ನಿನಿಂದ ಬಿಳಿ, ಚಿನ್ನ, ಬೆಳ್ಳಿ ಹಾಕುತ್ತಿತ್ತು. ಅದು ನಿಂತು ವರ್ಷಗಳಾದವು, ಹಳೆಯ ಯಂತ್ರ ಸಿಕ್ಕಿತೆಂದು ಅದರ ಬೆನ್ನು ಹತ್ತಬೇಡಿ, ರಿಬ್ಬನ್ನಿಗೆ ಅಲೆಯಬೇಕಾಗುತ್ತದೆ. ಓಕಿ ಕಂಪನಿಯ ಬಿಳಿ ಟೋನರ್ ಲೇಸರುಗಳಿವೆ, ಟೀ ಶರ್ಟ್ ಟ್ರಾನ್ಸ್‌ಫರ್ ಮಾಡುವ ಕೆಲವರು ಇಟ್ಟಿರುತ್ತಾರೆ. ನಿಮ್ಮ ಒಬ್ಬ ವಕೀಲನಿಗೆ ಅದೆಲ್ಲ ಅತಿಯಾಯಿತು.

ಒದ್ದೆಬಟ್ಟೆ

ಅಂಚು ಬಿಡುವುದು, ಮುಖ ಸೀಳುವುದು ಎರಡೂ ನೀವು ಸ್ಪ್ರೇ ಮಾಡಿ ಕತ್ತರಿಸುವ ಕ್ರಮದಿಂದ ಬಂದದ್ದು.

ಇಂಕ್‌ಜೆಟ್ ಇಂಕು ನೀರಿನಲ್ಲಿ ಕರಗುತ್ತದೆ, ನೀರಿಗೂ ಅದಕ್ಕೂ ನಡುವೆ ಇರುವುದು ಸ್ಪ್ರೇ ಪದರ ಒಂದೇ. ನೀವು ಮೊದಲು ಸ್ಪ್ರೇ ಮಾಡಿ ಆಮೇಲೆ ಬಣ್ಣದ ನಡುವೆಯೇ ಕತ್ತರಿಸಿದಾಗ ಬದಿಯಲ್ಲಿ ಇಂಕು ತೆರೆದುಕೊಳ್ಳುತ್ತದೆ, ನೀರು ಅಲ್ಲಿಂದ ಒಳಗೆ ಹೋಗುತ್ತದೆ. ಚಿತ್ರದ ಸುತ್ತ 1 ಮಿ.ಮೀ. ಖಾಲಿ ಫಿಲ್ಮು ಬಿಟ್ಟು ಕತ್ತರಿಸಿ. ವಕೀಲನ ಡೆಕಾಲಿನ ಹಾಗೆ ಬಣ್ಣದಲ್ಲೇ ಬ್ಲೇಡ್ ಹಾಯಿಸಲೇಬೇಕಾದಲ್ಲಿ, ಕತ್ತರಿಸಿದ ಮೇಲೆ ಅಂಚಿಗೆ ಸಣ್ಣ ಬ್ರಷ್ಷಿನಿಂದ ಅಕ್ರಿಲಿಕ್ ವಾರ್ನಿಷ್ ಸವರಿ ಎರಡು ಗಂಟೆ ಒಣಗಿಸಿ ನೀರಿಗೆ ಹಾಕಿ.

ಸ್ಪ್ರೇ ಕ್ರಮ ಹೀಗಿರಲಿ. ಪ್ರಿಂಟ್ ಆದ ಹಾಳೆ ಕನಿಷ್ಠ ಒಂದು ಗಂಟೆ, ಮಳೆಗಾಲವಾದರೆ ಒಂದು ರಾತ್ರಿ ಒಣಗಬೇಕು. ಮೊದಲ ಕೋಟ್ 25–30 ಸೆಂ.ಮೀ. ದೂರದಿಂದ ಇಬ್ಬನಿ ಕೂತ ಹಾಗೆ, ಹಾಳೆ ಒದ್ದೆಯಾಗಿ ಕಾಣಲೇಬಾರದು. ಈ ಕೋಟೇ ದಪ್ಪವಾದರೆ ಸ್ಪ್ರೇಯಲ್ಲಿರುವ ದ್ರಾವಕ ಇಂಕನ್ನು ಕರಗಿಸಿ ಗೆರೆ ಹರಡಿಸುತ್ತದೆ. 15–20 ನಿಮಿಷದ ಅಂತರದಲ್ಲಿ ಇನ್ನೆರಡು ಕೋಟ್, ಈ ಸಲ ತುಸು ಹೆಚ್ಚು, ಹಾಳೆಯನ್ನು 90 ಡಿಗ್ರಿ ತಿರುಗಿಸಿ ಹೊಡೆಯಿರಿ. ಆಮೇಲೆ 24 ಗಂಟೆ ಮುಟ್ಟಬೇಡಿ. ಅರ್ಧ ಗಂಟೆಯಲ್ಲಿ ಮೇಲ್ಪದರ ಒಣಗಿರುತ್ತದೆ, ಒಳಗೆ ದ್ರಾವಕ ಹಾಗೇ ಇರುತ್ತದೆ. ಗೊಂಬೆಗೆ ಹಚ್ಚಿದ ಮೇಲೆ ಅದು ಆರುತ್ತ ಫಿಲ್ಮನ್ನು ಕುಗ್ಗಿಸುತ್ತದೆ, ದಪ್ಪ ಪದರ ಬಗ್ಗಲಾರದೆ ಸೀಳುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಸ್ಪ್ರೇ ಬಿಳಿಚಿಕೊಳ್ಳುವುದೂ ಉಂಟು: ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಅದರ ಮೇಲೆ ನೀರಾವಿ ಕೂರುತ್ತದೆ. ಸುಬ್ರಹ್ಮಣ್ಯದ ಮಳೆಯಲ್ಲಿ ಕೂತು ಸ್ಪ್ರೇ ಮಾಡುವವರು ಬಿಸಿಲು ಇಣುಕುವ ಮಧ್ಯಾಹ್ನಕ್ಕೆ ಕಾಯಲೇಬೇಕು.

ಹಚ್ಚುವ ಮುಂಚೆ ಗೊಂಬೆಯನ್ನು ಪಾತ್ರೆ ಸೋಪಿನಲ್ಲಿ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಕೈಯ ಎಣ್ಣೆ ಉಳಿದರೆ ಡೆಕಾಲ್ ಅಲ್ಲಿ ಹಿಡಿಯುವುದಿಲ್ಲ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಮುಟ್ಟಿಸಬೇಡಿ, ಲೆಗೊ ಎಬಿಎಸ್ ಪ್ಲಾಸ್ಟಿಕ್ಕು, ಅಸಿಟೋನಿನಲ್ಲಿ ಕರಗುತ್ತದೆ. ಡೆಕಾಲನ್ನು ಉಗುರುಬೆಚ್ಚಗಿನ ನೀರಲ್ಲಿ 20–30 ಸೆಕೆಂಡ್ ಅದ್ದಿ ತೆಗೆದು, ಟಿಶ್ಯೂ ಮೇಲೆ ಒಂದು ನಿಮಿಷ ಇಡಿ. ನೀರಲ್ಲೇ ಬಿಟ್ಟರೆ ಹಿಂಬದಿಯ ಅಂಟೂ ತೊಳೆದುಹೋಗುತ್ತದೆ. ಗೊಂಬೆಯ ಎದೆಗೆ ಒಂದು ಹನಿ ನೀರು ಹಾಕಿ, ಹಿಂಬದಿ ಕಾಗದವನ್ನು ಅಂಚಿಗೆ ತಾಗಿಸಿ ಹಿಡಿದು, ಒದ್ದೆ ಬ್ರಷ್ಷಿನಿಂದ ಫಿಲ್ಮನ್ನು ಜಾರಿಸಿ. ಚಿಮಟದಿಂದ ಫಿಲ್ಮನ್ನೇ ಎತ್ತಲು ಹೋದರೆ ಅದು ಸುರುಳಿ ಸುತ್ತಿ ತನಗೆ ತಾನೇ ಅಂಟಿಕೊಳ್ಳುತ್ತದೆ, ಬಿಡಿಸುವುದು ಕಷ್ಟ. ಜಾಗಕ್ಕೆ ಬಂದ ಮೇಲೆ ನಡುವಿನಿಂದ ಅಂಚಿನ ಕಡೆಗೆ ಹತ್ತಿಕಡ್ಡಿಯಿಂದ ನೀರು ಒತ್ತಿ ತೆಗೆಯಿರಿ. ಉಜ್ಜಬೇಡಿ.

ಮುಖಕ್ಕೆ ಒಂದೇ ದೊಡ್ಡ ಡೆಕಾಲ್ ಹಾಕಬೇಡಿ. ತಲೆ ನಡುವೆ ಉರುಳೆ, ಮೇಲೆ ಕೆಳಗೆ ಅಂಚು ದುಂಡಗೆ ತಿರುಗುತ್ತದೆ. ಫಿಲ್ಮು ಒಂದು ಕಡೆಗೆ ಬಾಗುತ್ತದೆ, ಎರಡು ಕಡೆಗೂ ಬಾಗು ಎಂದರೆ ಸುಕ್ಕಾಗುತ್ತದೆ. ಕಣ್ಣು ಎರಡು ತುಂಡು, ಬಾಯಿ ಮೀಸೆ ಒಂದು ತುಂಡು, ಎಲ್ಲವೂ ನಡುವಿನ ನೇರ ಭಾಗದೊಳಗೆ ಇರಲಿ. ಕಾಲಿನ ಪಂಚೆಯಂಚು, ಪ್ಯಾಂಟಿನ ಗೆರೆ ಸೊಂಟದ ಕೀಲನ್ನು ದಾಟಬಾರದು, ಗೊಂಬೆ ಕೂರಿಸಿದ ಕ್ಷಣ ಹರಿಯುತ್ತದೆ.

ಅಚ್ಚುಮೊಳೆ

‘ನಿರ್ವಾಹಕ’ದ ಲೆಕ್ಕ. ಬ್ಯಾಡ್ಜ್ ಎಷ್ಟು ಅಗಲ ಇಟ್ಟಿದ್ದೀರೋ ಹೇಳಿಲ್ಲ, 5 ಮಿ.ಮೀ. ಅಂದುಕೊಳ್ಳೋಣ. ನಾಲ್ಕು ಅಕ್ಷರ, ಒಂದಕ್ಕೆ 1.25 ಮಿ.ಮೀ. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಒಂದು ಚುಕ್ಕೆ 0.042 ಮಿ.ಮೀ., ಅಂದರೆ ಅಕ್ಷರಕ್ಕೆ ಸಿಕ್ಕುವುದು 30 ಚುಕ್ಕೆಯೂ ಇಲ್ಲ. ಅಷ್ಟರಲ್ಲೇ ತಲೆಕಟ್ಟು, ಹೊಟ್ಟೆ, ಕೊನೆಗೆ ಅರ್ಕಾವೊತ್ತು ಎಲ್ಲ ಬರಬೇಕು. ಇಂಕು ಪ್ರತಿ ಗೆರೆಯ ಆಚೀಚೆ ತುಸು ಹರಡುತ್ತದೆ, ‘ಹ’, ‘ಕ’ಗಳ ಒಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರ 4 ಪಾಯಿಂಟಿನಲ್ಲಿ ಓದಿಸಿಕೊಳ್ಳುತ್ತದೆ, ಕನ್ನಡಕ್ಕೆ 6 ಪಾಯಿಂಟಿಗಿಂತ ಕೆಳಗೆ ಇಳಿಯಬೇಡಿ, ಕೆಳಗೆ ಒತ್ತಕ್ಷರ ಇದ್ದರೆ ಇನ್ನೂ ದೊಡ್ಡದು ಬೇಕು. ಬ್ಯಾಡ್ಜಿನ ಮೇಲೆ ಎರಡು ಗೆರೆ ಎಳೆದುಬಿಡಿ, ಅಕ್ಷರವಿದೆ ಎಂದೇ ಕಣ್ಣಿಗೆ ತೋರುತ್ತದೆ. ಓದಲೇಬೇಕಾದ ಅಕ್ಷರವನ್ನು ಬಸ್ಸಿನ ಮಾರ್ಗದ ಫಲಕಕ್ಕೆ ಇಟ್ಟುಕೊಳ್ಳಿ.

ಫಾಂಟಿನಲ್ಲಿ ದಪ್ಪ ತೆಳು ವ್ಯತ್ಯಾಸ ಕಮ್ಮಿ ಇರಲಿ. ನೋಟೊ ಸಾನ್ಸ್ ಕನ್ನಡದ ಮೀಡಿಯಂ ಚೆನ್ನಾಗಿ ನಿಲ್ಲುತ್ತದೆ. ‘ಬಲೂ ತಮ್ಮ’ ಎಂಬ ಫಾಂಟಿನಂಥ ಉಬ್ಬಿದ ಅಕ್ಷರ ಫಲಕಕ್ಕೆ ಸರಿ, ಚಿಕ್ಕದರಲ್ಲಿ ತುಂಬಿಕೊಳ್ಳುತ್ತದೆ. ಅಕ್ಷರಗಳ ನಡುವಿನ ಅಂತರ ತುಸು ಹೆಚ್ಚಿಸಿ.

ಚಿತ್ರ ಇಂಕ್‌ಸ್ಕೇಪ್‌ನಲ್ಲೋ ಕೋರೆಲ್‌ಡ್ರಾದಲ್ಲೋ ವೆಕ್ಟರ್ ಆಗಿ (ಪಿಕ್ಸೆಲ್ ಅಲ್ಲ, ಗೆರೆಗಳ ಚಿತ್ರವಾಗಿ), ಮಿ.ಮೀ.ನಲ್ಲಿ, ನಿಜ ಅಳತೆಯಲ್ಲೇ ಬಿಡಿಸಿ. ಫೋಟೊ ಎಡಿಟರಿನಲ್ಲಿ 300 ಡಿಪಿಐ ಇಟ್ಟರೆ ನಿಮ್ಮ 12.5 ಮಿ.ಮೀ. ಎತ್ತರಕ್ಕೆ ಸಿಕ್ಕುವುದು 148 ಪಿಕ್ಸೆಲ್ ಅಷ್ಟೇ, ಗುಂಡಿಯೆಲ್ಲ ಚೌಕವಾಗುತ್ತವೆ. ಅಂಗಿಯ ಆಕಾರ ಸಿಗಲು ಗೊಂಬೆಯ ಎದೆಯನ್ನು ಸ್ಕ್ಯಾನರ್ ಗಾಜಿನ ಮೇಲೆ ಬೋರಲಾಗಿಟ್ಟು, ಪಕ್ಕ ಒಂದು ಸ್ಕೇಲ್ ಇಟ್ಟು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಅದರ ಮೇಲೆ ಗೆರೆ ಎಳೆಯಿರಿ. ಗೆರೆಯ ದಪ್ಪ 0.15 ಮಿ.ಮೀ.ಗಿಂತ ಕಮ್ಮಿಯಾದರೆ ಪ್ರಿಂಟಿನಲ್ಲಿ ತುಂಡಾಗುತ್ತದೆ.

ಪಿಡಿಎಫ್ ಪ್ರಿಂಟ್ ಕೊಡುವಾಗ ‘ಆಕ್ಚುಯಲ್ ಸೈಜ್’ ಆರಿಸಿ. ‘ಫಿಟ್’ ಎಂದಿದ್ದರೆ 97 ಶೇಕಡಕ್ಕೆ ಕುಗ್ಗಿ 12.5 ಹೋಗಿ 12.1 ಆಗುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ, ಹಚ್ಚಿದಾಗ ಅಂಚು ಬರಿದಾಗುತ್ತದೆ. ಹಾಳೆಯ ಮೂಲೆಯಲ್ಲಿ 50 ಮಿ.ಮೀ. ಗೆರೆ ಒಂದನ್ನು ಇಟ್ಟು, ಮಾಮೂಲಿ ಹಾಳೆಯ ಮೇಲೆ ಮೊದಲು ತೆಗೆದು ಅಳೆದು ನೋಡಿ. ಪ್ರಿಂಟರಿನಲ್ಲಿ ಮ್ಯಾಟ್ ಪೇಪರ್, ಕ್ವಾಲಿಟಿ ಹೈ, ಎರಡೂ ದಿಕ್ಕಿಗೆ ಪ್ರಿಂಟ್ ಮಾಡುವ ಹೈ ಸ್ಪೀಡ್ ಆಯ್ಕೆ ಬಂದ್. ಗ್ಲಾಸಿ ಫೋಟೊ ಆಯ್ಕೆಯಲ್ಲಿ ಕೆಲವು ಫಿಲ್ಮುಗಳು ಇಂಕು ಕುಡಿಯಲಾರದೆ ಕೊಳವಾಗುತ್ತದೆ.

ಹೊರಗಡೆ ಪ್ರಿಂಟ್ ಮಾಡಿಸುವುದಾದರೆ ಅಕ್ಷರವನ್ನೆಲ್ಲ ಬರೀ ಗೆರೆಯ ಆಕಾರಕ್ಕೆ, ಅಂದರೆ ಕರ್ವ್ಸ್‌ಗೆ ಬದಲಾಯಿಸಿಯೇ ಕೊಡಿ. ನಮ್ಮ ಎಷ್ಟೋ ಅಂಗಡಿಗಳಲ್ಲಿ ಹಳೆಯ ಕೋರೆಲ್ಲು, ಅದರಲ್ಲಿ ನುಡಿ ಅಥವಾ ಬರಹದ ಹಳೆಯ ಫಾಂಟು. ನಿಮ್ಮ ಯೂನಿಕೋಡ್ ಅಲ್ಲಿ ತೆರೆದಾಗ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ.

ಕರಿಶಾಯಿ

ಅಂಗಡಿಯ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. ಲೇಸರ್ ಪ್ರಿಂಟಿಗೆ ಸೀಲ್ ಮಾಡುವ ರಗಳೆ ಕಮ್ಮಿ, ಟೋನರ್ ಅಂದರೆ ಪ್ಲಾಸ್ಟಿಕ್ ಪುಡಿ, ನೀರಿಗೆ ಬಿಡುವುದಿಲ್ಲ, ಒಂದು ತೆಳು ಕೋಟ್ ಸಾಕು. ಆದರೆ ನಿಮ್ಮಲ್ಲಿರುವ ಇಂಕ್‌ಜೆಟ್ ಡೆಕಾಲ್ ಕಾಗದವನ್ನು ಜೆರಾಕ್ಸ್ ಅಂಗಡಿಯ ಲೇಸರಿಗೆ ಹಾಕಿಸಬೇಡಿ. ಟೋನರನ್ನು ಕರಗಿಸಿ ಹಿಡಿಸುವ ಒಳಗಿನ ಫ್ಯೂಸರ್ ಬಿಸಿಗೆ ಅದರ ಲೇಪ ಕರಗಿ ಉರುಳೆಗೆ ಸುತ್ತಿಕೊಳ್ಳಬಹುದು, ಆಮೇಲೆ ಅಂಗಡಿಯವರು ಡೆಕಾಲ್ ಅಂದರೇ ಬಾಗಿಲು ಹಾಕುತ್ತಾರೆ. ಲೇಸರ್ ಕಾಗದ ಬೇರೆಯೇ ಬರುತ್ತದೆ. ಅದನ್ನು ಇಂಕ್‌ಜೆಟ್ಟಿಗೆ ಹಾಕಿದರೆ ಯಂತ್ರ ಹಾಳಾಗುವುದಿಲ್ಲ, ಇಂಕು ಹೀರದೆ ಹನಿ ಹನಿಯಾಗಿ ನಿಲ್ಲುತ್ತದೆ ಅಷ್ಟೆ.

ಗೊಂಬೆಮನೆ

ಮೂವರಿಗೂ ಧನ್ಯವಾದ. ಟ್ಯಾನ್ ಮೈ, ಬಿಳಿ ಕಾಗದ ಎರಡಕ್ಕೂ ಆರ್ಡರ್ ಹಾಕಿದೆ. ಇನ್ನು ಮೂರು ಪ್ರಶ್ನೆ. ಡೆಕಾಲ್ ಸಾಫ್ಟ್‌ನರ್ ಅಂತ ಫಿಲ್ಮನ್ನು ಮೆತ್ತಗೆ ಮಾಡುವ ದ್ರವ ಸಿಗುತ್ತದಲ್ಲ, ಮೈಕ್ರೊ ಸೋಲ್, ಮಿಸ್ಟರ್ ಮಾರ್ಕ್ ಸಾಫ್ಟರ್, ಅದು ಬೇಕೇ? ಮೇಲಿನ ಮೆಟ್ಟಿಲಿನ ಚನ್ನಪಟ್ಟಣದ ರಾಜ ರಾಣಿಗೂ ಸೀರೆ ಅಂಚು, ಜರಿ ಹೀಗೇ ಹಾಕಬಹುದೇ? ಹಬ್ಬ ಮುಗಿದ ಮೇಲೆ ಬಸ್ ಸ್ಟ್ಯಾಂಡ್ ಮಕ್ಕಳ ಪಾಲು, ಆಡಿದರೆ ಉಳಿಯುತ್ತದೆಯೇ?

ಒದ್ದೆಬಟ್ಟೆ

ಸಾಫ್ಟ್‌ನರ್ ಎದೆಗೆ ಬೇಡವೇ ಬೇಡ, ಅದು ಸಪಾಟು. ಮುಖಕ್ಕೆ ಬೇಕಾದರೆ ಒಂದೇ ಸಲ, ಬ್ರಷ್ ತುದಿಯಲ್ಲಿ. ಅದು ಫ್ಯಾಕ್ಟರಿಯ ತೆಳು ಡೆಕಾಲಿಗಾಗಿ ಮಾಡಿದ್ದು. ಮನೆಯಲ್ಲಿ ಮೂರು ಕೋಟ್ ಅಕ್ರಿಲಿಕ್ ಹೊಡೆದ ಫಿಲ್ಮಿನ ಮೇಲೆ ಒಮ್ಮೆ ಏನೂ ಮಾಡುವುದಿಲ್ಲ, ಒಮ್ಮೆ ಪೂರಾ ಮೆತ್ತಗೆ ಮಾಡಿ ಇಂಕು ಕದಡುತ್ತದೆ. ಹಾಕಿದ ಮೇಲೆ ಫಿಲ್ಮು ಸುಕ್ಕುಗಟ್ಟಿದ ಹಾಗೆ ಕಾಣುತ್ತದೆ, ಆಗ ಗಾಬರಿಯಾಗಿ ಮುಟ್ಟಬಾರದು, ತಾನೇ ಕೂರುತ್ತದೆ. ಮೊದಲು ಬೇಡದ ತುಂಡಿನ ಮೇಲೆ ಪರೀಕ್ಷಿಸಿ. ಮೈಕ್ರೊ ಸೆಟ್ ಎನ್ನುವುದು ಬೇರೆ, ಹಚ್ಚುವ ಮುಂಚೆ ಕೆಳಗೆ ಹಾಕುವುದು, ವಿನಿಗರ್ ವಾಸನೆ, ಅದರಿಂದ ಅಪಾಯ ಕಮ್ಮಿ.

ತಾಳೆಗರಿ

ಚನ್ನಪಟ್ಟಣದ ಗೊಂಬೆಗೆ ಮೇಲೆ ಹೇಳಿದ ಕ್ರಮವನ್ನು ಹಾಗೇ ಅನುಸರಿಸಿದರೆ ಗೊಂಬೆ ಕೆಡುತ್ತದೆ. ಅದರ ಬಣ್ಣ ಪೇಂಟ್ ಅಲ್ಲ, ಅರಗು. ಕಡೆಯುವ ಯಂತ್ರದಲ್ಲಿ ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೆ ಕರಗಿ ಹಿಡಿದದ್ದು, ತಾಳೆಗರಿಯಿಂದ ಹೊಳಪು ಬಂದದ್ದು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಆದ್ದರಿಂದ ಆ ಐಸೊಪ್ರೊಪೈಲ್ ಹತ್ತಿ ಇಲ್ಲಿ ಬೇಡ. ಒರೆಸಿದ ಜಾಗದ ಹೊಳಪು ಹೋಗಿ ಹತ್ತಿಗೆ ಬಣ್ಣ ಬರುತ್ತದೆ. ಒಣ ಮೆದು ಬಟ್ಟೆ ಸಾಕು. ಬೇಗ ಒಣಗಲೆಂದು ಹೇರ್ ಡ್ರೈಯರ್ ಹಿಡಿಯಬೇಡಿ, ಅರಗು ಮೆತ್ತಗಾಗುತ್ತದೆ. ನೀರು ಹೊತ್ತು ನಿಂತರೆ ಬಿಳಿ ಕಲೆ ಬೀಳುತ್ತದೆ, ಡೆಕಾಲ್ ಜಾರಿಸಿದೊಡನೆ ಟಿಶ್ಯೂ ಒತ್ತಿ ನೀರು ತೆಗೆಯಿರಿ. ಮೇಲಿನ ಕೋಟಿಗೆ ಕ್ಯಾನಿನ ಸ್ಪ್ರೇ ಬೇಡ, ಅದರ ದ್ರಾವಕ ಅರಗನ್ನು ಕೆಣಕುತ್ತದೆ. ನೀರಿನ ಅಕ್ರಿಲಿಕ್ ವಾರ್ನಿಷ್ ಡೆಕಾಲಿನ ಮೇಲಷ್ಟೇ ಬ್ರಷ್ಷಿನಿಂದ, ಅದೂ ಮೊದಲು ಗೊಂಬೆಯ ತಳದಲ್ಲಿ ಪರೀಕ್ಷಿಸಿ.

ರಾಣಿಯ ಮೈ ಶಂಕುವಿನ ಆಕಾರ. ಸೀರೆ ಅಂಚನ್ನು ನೇರ ಪಟ್ಟಿಯಾಗಿ ಪ್ರಿಂಟ್ ಮಾಡಿದರೆ ಸುತ್ತುವಾಗ ಮೇಲಕ್ಕೆ ಹತ್ತುತ್ತ ಹೋಗಿ ತುದಿಗಳು ಸೇರುವುದಿಲ್ಲ. ಕಮಾನಾಗಿ ಬಿಡಿಸಬೇಕು. ಕೆಳಗಿನ ವ್ಯಾಸ 30 ಮಿ.ಮೀ., ಮೇಲಿನದು 20, ಇಳಿಜಾರಿನ ಉದ್ದ 25 ಎಂದಿಟ್ಟುಕೊಳ್ಳಿ. ಹೊರ ಕಮಾನಿನ ತ್ರಿಜ್ಯ 25ನ್ನು 30ರಿಂದ ಗುಣಿಸಿ ವ್ಯಾಸಗಳ ವ್ಯತ್ಯಾಸ 10ರಿಂದ ಭಾಗಿಸಿದರೆ 75 ಮಿ.ಮೀ. ಅದರಲ್ಲಿ 25 ಕಳೆದರೆ ಒಳ ತ್ರಿಜ್ಯ 50. ಕೋನ, 360ನ್ನು 15ರಿಂದ ಗುಣಿಸಿ 75ರಿಂದ ಭಾಗಿಸಿ, 72 ಡಿಗ್ರಿ. ಇದು ಇಡೀ ಸುತ್ತು. ಹಿಂಭಾಗದಲ್ಲಿ 1 ಮಿ.ಮೀ. ಒಂದರ ಮೇಲೊಂದು ಬರುವಂತೆ ಕೋನವನ್ನು 73ಕ್ಕೆ ಏರಿಸಿ. ಮಾಮೂಲಿ ಕಾಗದದಲ್ಲಿ ಕತ್ತರಿಸಿ ಸುತ್ತಿ ನೋಡಿ, ಆಮೇಲೆ ಡೆಕಾಲ್ ಹಾಳೆ. ಜರಿಗೆ ಚಿನ್ನದ ಬಣ್ಣ ಪ್ರಿಂಟಿನಲ್ಲಿ ಸಾಸಿವೆ ಹಳದಿಯಾಗಿ ಕಾಣುತ್ತದೆ, ಕೆಂಪು ಅರಗಿನ ಮೇಲೆ ಅದೂ ಕಾಣದು. ಚಿನ್ನದ ಅಕ್ರಿಲಿಕ್ ಬಣ್ಣವನ್ನು ಖಾಲಿ ಡೆಕಾಲ್ ಫಿಲ್ಮಿಗೆ ಬಳಿದು ಒಣಗಿಸಿ, ಪಟ್ಟಿ ಕತ್ತರಿಸಿ ಹಚ್ಚಿದರೆ ಜರಿಯ ಹಾಗೇ ಕಾಣುತ್ತದೆ.

ಅಚ್ಚುಮೊಳೆ

ಮಕ್ಕಳು ಆಡುವುದಕ್ಕೆ ವಾಟರ್‌ಸ್ಲೈಡ್ ಬಾಳುವುದಿಲ್ಲ, ಮೇಲೆ ವಾರ್ನಿಷ್ ಇದ್ದರೂ ಹೆಬ್ಬೆರಳು ತಾಗುವ ಕಡೆ ಸವೆಯುತ್ತದೆ. ಲೆಗೊ ಫ್ಯಾಕ್ಟರಿಯಲ್ಲಿ ಸಿಲಿಕೋನ್ ದಿಂಬಿನಿಂದ ನೇರ ಪ್ಲಾಸ್ಟಿಕ್ಕಿನ ಮೇಲೇ ಅಚ್ಚು ಒತ್ತುತ್ತಾರೆ, ಅದಕ್ಕೆ ಅದು ಅಷ್ಟು ಗಟ್ಟಿ. ಆಟದ ಗೊಂಬೆಗೆ ಯುವಿ ಡಿಟಿಎಫ್ (ಫಿಲ್ಮಿನ ಮೇಲೆ ಅಚ್ಚಾಗಿ, ಅಂಟಿಸಿ ಫಿಲ್ಮ್ ಸುಲಿಯುವ ಸ್ಟಿಕರ್) ಮಾಡಿಸಿ, ಮಗ್ಗು ಬಾಟಲಿಗೆ ಸ್ಟಿಕರ್ ಮಾಡುವ ಅಂಗಡಿಯಲ್ಲಿ ಆಗುತ್ತದೆ. ಬಣ್ಣದ ಕೆಳಗೆ ಬಿಳಿ ಇಂಕು ಸೇರಿಯೇ ಬರುವುದರಿಂದ ಕಪ್ಪು ಮೈಗೂ ಸರಿ, ನೀರಿನ ಕೆಲಸವೂ ಇಲ್ಲ. ದಪ್ಪ ಮಾತ್ರ ಹೆಚ್ಚು, ಬೆರಳಿಗೆ ಅಂಚು ತಿಳಿಯುತ್ತದೆ, ತಲೆಯ ದುಂಡಂಚಿಗೆ ಒಗ್ಗುವುದಿಲ್ಲ. 0.5 ಮಿ.ಮೀ.ಗಿಂತ ಸಣ್ಣ ಬಿಡಿ ಚುಕ್ಕೆಗಳು ಫಿಲ್ಮ್ ಸುಲಿಯುವಾಗ ಅದರ ಜೊತೆಗೇ ಎದ್ದು ಹೋಗುತ್ತವೆ, ಗುಂಡಿಗಳನ್ನು ಅಂಗಿಯ ಗೆರೆಗೆ ತಾಗಿಸಿ ಬಿಡಿಸಿ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಈ ಗೊಂಬೆಗಳನ್ನು ಕೈಗೇ ಕೊಡಬೇಡಿ.

ಗೊಂಬೆಮನೆ

ಪಾರದರ್ಶಕ ಕಾಗದ ಇನ್ನು ಅರ್ಧ ಹಾಳೆ ಉಳಿದಿದೆ. 14ಕ್ಕೂ ಸಾಕಾಗುತ್ತದೆಯೇ?

ಕರಿಶಾಯಿ

ಧಾರಾಳ. ಎದೆಯ ಚಿತ್ರ 15.5 ಮತ್ತು 12.5, ನಡುವೆ 3 ಮಿ.ಮೀ. ಬಿಟ್ಟರೆ 210 ಮಿ.ಮೀ. ಅಗಲದಲ್ಲಿ ಅಂಚು ಕಳೆದು ಸಾಲಿಗೆ 10 ಬರುತ್ತವೆ. ಒಂದೊಂದನ್ನೂ ಮೂರು ಪ್ರತಿ ಹಾಕಿ, ಹಚ್ಚುವಾಗ ಒಂದಾದರೂ ಮಡಿಸಿಹೋಗುತ್ತದೆ. 42 ಚಿತ್ರ, 5 ಸಾಲು, ಎತ್ತರ 78 ಮಿ.ಮೀ. ಮುಖಗಳಿಗೆ ಇನ್ನೊಂದು 30. ಅರ್ಧ ಹಾಳೆಯನ್ನು ಹಾಗೇ ತೂರಿಸಿದರೆ ಕೆಲವು ಪ್ರಿಂಟರ್ ಎಳೆದುಕೊಳ್ಳುವುದಿಲ್ಲ. ಮಾಮೂಲಿ ಎ4 ಹಾಳೆಯ ಮೇಲೆ ಪ್ರಿಂಟ್ ತೆಗೆದು, ಚಿತ್ರ ಬಿದ್ದ ಜಾಗದ ಮೇಲೆ ಡೆಕಾಲ್ ತುಂಡನ್ನು ಮೊದಲು ಒಳಗೆ ಹೋಗುವ ಅಂಚಿನಲ್ಲಿ ಮಾತ್ರ ಟೇಪಿನಿಂದ ಅಂಟಿಸಿ ಅದೇ ಹಾಳೆಯನ್ನು ಮತ್ತೆ ಹಾಕಿ. ಇದು ಇಂಕ್‌ಜೆಟ್ಟಿಗೆ ಮಾತ್ರ, ಲೇಸರಿನಲ್ಲಿ ಟೇಪ್ ಕರಗುತ್ತದೆ.